ಕರಗುವುದು ಬೇರೆ, ಕುಸಿಯುವುದು ಬೇರೆ

ಬೆಳಗಿನ ಐದೂಕಾಲು. ಬ್ಯಾಲೆ ಶಾಲೆಯ ದೊಡ್ಡ ಕೋಣೆಯಲ್ಲಿ ಹೆಂಗಸೊಬ್ಬರು ಮೊಣಕಾಲೂರಿ, ಮರದ ನೆಲಕ್ಕೆ ಅಂಟಿದ ರಾಳದ ಪುಡಿ ಕೆರೆಯುತ್ತಿದ್ದಾರೆ. ಜಾರದಿರಲೆಂದು ಮಕ್ಕಳು ಬೂಟಿಗೆ ಸವರಿಕೊಳ್ಳುವ ಪುಡಿ ಅದು. ಒದ್ದೆ ಬಟ್ಟೆ ಒಮ್ಮೆ, ಒಣ ಬಟ್ಟೆ ಎರಡು ಸಲ. ಕೊನೆಗೆ ಚಪ್ಪಲಿ ಬಿಟ್ಟು ಕೋಣೆಯುದ್ದಕ್ಕೂ ಹಿಮ್ಮಡಿ ಎಳೆದು ನೋಡುತ್ತಾರೆ. "ಒಣಗಿದೆ ಅಂತ ಕಣ್ಣು ಹೇಳಿದ್ರೆ ನಂಬಲ್ಲ ನಾನು. ಹಿಮ್ಮಡಿ ಹೇಳ್ಬೇಕು."

ಎಲ್ಲರಿಗೂ ಈಕೆ ಚಿಕ್ಕಮ್ಮ. ವಯಸ್ಸು ಐವತ್ತಮೂರು. ಇಪ್ಪತ್ತೊಂದು ವರ್ಷದಿಂದ ದಿನಕ್ಕೆ ಮೂರು ಕೋಣೆ, ಹದಿನಾಲ್ಕು ಬಕೆಟ್ ನೀರು. ಗಂಡ ತೀರಿಕೊಂಡ ಮೇಲೆ ಅಕ್ಕನ ಜೊತೆ ವಾಸ. ಅನುಮಾನ ಹುಟ್ಟುಗುಣ. "ನಲ್ಲಿ ನೀರನ್ನೂ ಮೂಸಿ ಕುಡಿಯೋಳು ಇವಳು" ಎನ್ನುತ್ತಾರೆ ಅಕ್ಕ.

ಮೇಷ್ಟ್ರುಗಳು ಕೂಗುವ ಪದಗಳ ಮೇಲೂ ಅನುಮಾನವೇ. ಇಷ್ಟು ಗತ್ತಿನ ಮಾತಿನ ಹಿಂದೆ ಏನೋ ಮುಚ್ಚಿಟ್ಟಿದ್ದಾರೆಂದು ಪಿಯಾನೋ ನುಡಿಸುವ ಅಜ್ಜನ ಬೆನ್ನು ಹತ್ತಿದರು. ಅಜ್ಜ ಬಿಡಿಸಿ ಹೇಳಿದರು: ಹಿಂದೆ ಫ್ರಾನ್ಸಿನ ರಾಜನೊಬ್ಬ ನೃತ್ಯಶಾಲೆ ತೆರೆಸಿದ, ಹೆಸರುಗಳು ಅಲ್ಲಿನ ಭಾಷೆಯಲ್ಲೇ ಉಳಿದವು. ಪ್ಲಿಯೆ ಎಂದರೆ ಬಾಗಿದ್ದು. ಫುಎತ್ತೆ, ಚಾವಟಿಯಂತೆ ಬೀಸಿದ್ದು. ಪಾ ದ ಶಾ, ಬೆಕ್ಕಿನ ಹೆಜ್ಜೆ.

"ಅಯ್ಯೋ, ಇಷ್ಟೇನಾ? ಎಲ್ಲಾ ಮನೆಮಾತೇ!"

ಕಳೆದ ತಿಂಗಳು ಹೊಸ ಮೇಷ್ಟ್ರ ತರಗತಿಯಲ್ಲಿ ಎಂಟು ವರ್ಷದ ಹುಡುಗಿ ಕಾಲು ಉಳುಕಿಸಿಕೊಂಡಳು. ನೆಲ ಒದ್ದೆಯಿತ್ತು ಎಂದರು ಮೇಷ್ಟ್ರು. ಸೋಮವಾರದಿಂದ ಬರಬೇಡಿ ಎಂದು ಚಿಕ್ಕಮ್ಮನಿಗೆ ಹೇಳಿಬಿಟ್ಟರು ಮ್ಯಾನೇಜರ್. ವಿಚಾರಣೆ ಗಿಚಾರಣೆ ಏನೂ ಇಲ್ಲ. ನೆಲ ಒರೆಸುವವರ ಮೇಲೆ ಗೂಬೆ ಕೂರಿಸುವುದು ಎಷ್ಟು ಸಲೀಸು ನೋಡಿ!

ಚಿಕ್ಕಮ್ಮ ಅಳಲಿಲ್ಲ. ಹುಡುಗಿಯ ಪಕ್ಕ ಕೂತು ಕೇಳಿದರು. "ಪುಟ್ಟಿ, ಬೀಳೋ ಮುಂಚೆ ಮೇಷ್ಟ್ರು ಏನಂದ್ರು?"

"ಫೊಂದ್ಯು ಮಾಡು ಅಂದ್ರು. ಹಂಗಂದ್ರೆ ಕುಸಿಯೋದಂತೆ. ಒಂದೇ ಕಾಲಲ್ಲಿ ದಡಕ್ಕನೆ ಕುಸಿದೆ."

ಚಿಕ್ಕಮ್ಮ ಇದನ್ನು ಹೇಳಿದ್ದೇ ತಡ, ಪಿಯಾನೋ ಅಜ್ಜ ಫ್ರೆಂಚ್ ನಿಘಂಟು ತಂದು ಮ್ಯಾನೇಜರ ಮೇಜಿನ ಮೇಲೆ ಬಿಚ್ಚಿಟ್ಟರು. ಫೊಂದ್ಯು ಎಂದರೆ ಕರಗಿದ್ದು. ಬಾಣಲೆಯ ಬೆಣ್ಣೆಯಂತೆ ಮೆಲ್ಲಗೆ ಇಳಿಯಬೇಕು. ಉಳಿದ ಮಕ್ಕಳನ್ನು ಕರೆಸಿ ಕೇಳಿದರೆ ಎಲ್ಲರ ಬಾಯಲ್ಲೂ ಅದೇ: "ಕುಸಿಯೋದು."

ಕೆಲಸ ಉಳಿಯಿತು. ಮೇಷ್ಟ್ರು ತಪ್ಪಾಯಿತು ಎನ್ನಲಿಲ್ಲ. ಅವರ ತರಗತಿ ನಡೆವಾಗಲೆಲ್ಲ ಚಿಕ್ಕಮ್ಮ ಬಾಗಿಲ ಗಾಜು ಒರೆಸುತ್ತಾ ನಿಲ್ಲುತ್ತಾರೆ, ಗಾಜು ಎಷ್ಟೇ ಫಳಫಳ ಅನ್ನುತ್ತಿದ್ದರೂ.

"ಆ ಮಗು ವಾಪಸ್ ಬಂದಿದೆ. ನಿನ್ನೆ ಒಂಟಿ ಕಾಲಲ್ಲಿ ಹೆಂಗಿಳೀತು ಅಂತೀರಿ, ಸದ್ದೇ ಇಲ್ಲ! ಅದಕ್ಕೆ ಹೇಳಿಕೊಟ್ಟೋಳು ನಾನು. ಮೇಷ್ಟ್ರು ತಮ್ಮ ಪಾಠ ಅಂದ್ಕೊಂಡಿದಾರೆ. ಅಂದ್ಕೊಳ್ಳಲಿ ಬಿಡಿ, ಕಾಲು ಮುರೀದೆ ಇದ್ರೆ ಸಾಕು."