ಮೊದಲ ಮಗ್ಗದ ಕುಣ್ಯಾಗ ಇಳೀರಿ

“ದೇವರು ಎರಡು ಕೈ ಕೊಟ್ಟಿದ್ದು ದುಡ್ಯಾಕ, ಸರಕಾರದ ಮುಂದ ಚಾಚಾಕಲ್ಲ. ಪುಕ್ಕಟೆ ಅಕ್ಕಿ ಹೊಟ್ಟಿ ತುಂಬಸತೈತಿ, ಆದ್ರ ಬೆನ್ನೆಲಬು ಮೆತ್ತಗ ಮಾಡತೈತಿ. ಗಾಂಜಾ ಅಂತೂ ಮನಶ್ಯಾನ್ನ ಇಡೇ ನುಂಗತೈತಿ. ಪ್ರಾರ್ಥನಾ ಮಾಡ್ರಿ ಎಸ್ತೇರವ್ವಾ ಅಂತ ಬಂದವರಿಗೆ ನಂದು ಒಂದ ಮಾತು: ಮೊದಲ ಮಗ್ಗದ ಕುಣ್ಯಾಗ ಇಳೀರಿ, ಆಮ್ಯಾಲೆ ಕೂಡೇ ಪ್ರಾರ್ಥನಾ ಮಾಡೂಣು.” ಇಳಕಲ್ಲಿನ ನೇಕಾರ ಓಣಿಯಲ್ಲಿ ಎಸ್ತೇರವ್ವನ ಈ ಉಪದೇಶ ಕೇಳದವರಿಲ್ಲ. ಭಾನುವಾರ ಚರ್ಚಿನ ಬಾಗಿಲಲ್ಲಿ ಅವಳು ನಿಂತಳೆಂದರೆ ಗಂಡಸರು ಬಾಯಲ್ಲಿದ್ದ ಗುಟಕಾ ನುಂಗಿಯೇ ಒಳಗೆ ಹೋಗುತ್ತಾರೆ. ಪ್ರಸಂಗ ಉದ್ದವಾದರೆ ಪಾದ್ರಿಯವರಿಗಿಂತ ಮೊದಲೇ ಇವಳು “ಆಮೆನ್” ಅಂದು ಮುಗಿಸಿಬಿಡುತ್ತಾಳೆ. ಅರವತ್ತೆಂಟಾದರೂ ಪಿಂಚಣಿಗೆ ಅರ್ಜಿ ಹಾಕಿಲ್ಲ. ಕೇಳಿದರೆ “ನಾ ಇನ್ನಾ ಮುದುಕಿ ಆಗಿಲ್ಲ” ಎನ್ನುತ್ತಾಳೆ. ಅಂಥವಳ ಸ್ವಂತ ತಮ್ಮ ದೇವಪುತ್ರ ಗಾಂಜಾ ಸೇದಿ ಸೇದಿ ಕೆಲಸ, ಹೆಂಡತಿ ಎರಡನ್ನೂ ಕಳೆದುಕೊಂಡು ಬಾಗಿಲಿಗೆ ಬಂದಾಗ ಅವನನ್ನೂ ನೇಕಾರ ಕಾಲಿಳಿಸಿ ಕೂರುವ ಮಗ್ಗದ ಕುಣಿಗೆ ಇಳಿಸಿದಳು. ಅವನ ಕೈ ನಡುಗಿ ಎಳೆ ಹರಿಯುತ್ತಲೇ ಇರುತ್ತದೆ. ಓಣಿಗೆಲ್ಲ ಬೈಯುವ ಬಾಯಿ ಆಗ ಮುಚ್ಚಿರುತ್ತದೆ. ಎಸ್ತೇರವ್ವ ಬಗ್ಗಿ, ಹರಿದ ಎಳೆಯನ್ನು ಹೊಸೆದು ಕೂಡಿಸುತ್ತಾಳೆ, ದಿನಕ್ಕೆ ನೂರು ಸಲ. “ಏನ್ ಎಸ್ತೇರವ್ವಾ, ಬಾಯಿಗೆ ರಜಾ ಕೊಟ್ಟೀರೇನು?” ಎಂದು ನೆರೆಮನೆಯ ಗುರಪ್ಪ ನಿನ್ನೆ ಚೇಷ್ಟೆ ಮಾಡಿದ. “ಕೈ ನಡಗತಾವ ಖರೆ, ಗುರಪ್ಪಾ. ಆದ್ರ ನಲವತ್ತು ದಿನ ಆತು, ನನ್ನ ತಮ್ಮ ಒಂದು ದಿನಾನೂ ಮಗ್ಗ ತಪ್ಪಿಸಿಲ್ಲ ನೋಡು” ಎಂದು ಎದೆಯುಬ್ಬಿಸಿ ಹೇಳಿ, ಮೊರ ಎಳೆದುಕೊಂಡು ಇಬ್ಬರ ರೊಟ್ಟಿಗೆ ಜೋಳ ಹಸನು ಮಾಡತೊಡಗಿದಳು.