ಗೇಟಿನ ಸಿದ್ದೇಗೌಡರ ಹೆಬ್ಬೆಟ್ಟು

ಗೇಟಿನ ಸಿದ್ದೇಗೌಡರು ಯಾರ ಮುಖವನ್ನೂ ನೋಡುತ್ತಿರಲಿಲ್ಲ; ಕಾಲು ನೋಡುತ್ತಿದ್ದರು. ಬೆಳಗಿನ ಸಿಳ್ಳು ಕೂಗುವ ಹೊತ್ತಿಗೆ ಮದ್ದೂರಿನ ನಮ್ಮ ಅಕ್ಕಿ ಮಿಲ್ಲಿನ ಗೇಟಿನ ಪಕ್ಕ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ತಲೆ ತಗ್ಗಿಸಿ ನಿಂತುಬಿಡುವರು. ಒಳಗೆ ಹೋಗುವ ಒಂದೊಂದು ಜೊತೆ ಕಾಲಿಗೂ "ಗೆಜ್ಜಲಗೆರೆ ಕರಿಯಪ್ಪನ್ ಮನೆ, ಬಂತು. ದುದ್ದದೋರ್ ಮನೆ, ಬಂತು" ಎಂದು ಎಣಿಸುವರು. ಆಳುಗಳ ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಲೇ ಇಲ್ಲ. ಯಾಕೆ ಮೇಸ್ತ್ರಿಗಳೇ ಎಂದು ಒಮ್ಮೆ ಕೇಳಿದೆ.

"ಮಕುಕ್ಕೆಲ್ಲಾ ತೌಡು ಮೆತ್ಕಂಡಿರ್ತದೆ ಗುಮಾಸ್ತ್ರೇ, ಏನ್ ನೋಡಾದು?" ಎಂದರು.

ಸಾಯಂಕಾಲವಾದರೆ ಸರಿ, ಬೆಳಗ್ಗೆ ಬರುವವರ ಮುಖಕ್ಕೆ ತೌಡು ಎಲ್ಲಿಂದ ಬರಬೇಕು? ಅಲ್ಲೇ ನನ್ನ ತಲೆಗೆ ಅನುಮಾನದ ಹುಳು ಹೊಕ್ಕಿತು. ಆಗ ನನಗೆ ಇಪ್ಪತ್ತಮೂರು ವರ್ಷ. ಮಂಡ್ಯದಿಂದ ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದೆ. ನಾಲ್ಕಕ್ಷರ ಕಲಿತವನಿಗೆ ಲೋಕವೆಲ್ಲ ಕಳ್ಳರ ಸಂತೆಯಾಗಿ ಕಾಣುವ ವಯಸ್ಸು ಅದು.

ಯುದ್ಧ ನಡೆಯುತ್ತಿದ್ದ ಕಾಲ. ಹಳೇ ಸಾಹುಕಾರರು ತೀರಿಕೊಂಡ ಮೇಲೆ ಅವರ ಮಗ ಬೆಂಗಳೂರಿನಿಂದ ಒಬ್ಬ ಮ್ಯಾನೇಜರನ್ನು ಕರೆಸಿದರು. ಆತ ಬಂದ ವಾರಕ್ಕೆ ಕಾರ್ಡು ಬಂತು. ಆಳಿಗೊಂದು ಕಾರ್ಡು, ಅದರ ಮೇಲೆ ಹೆಸರು, ಊರು, ಹೆಬ್ಬೆಟ್ಟು. ಇನ್ನು ಮುಂದೆ ಕಾರ್ಡಿದ್ದವನಿಗೆ ಮಾತ್ರ ಕೆಲಸ, ಸುಗ್ಗಿ ಪೂರ್ತಿ ಬಂದವನು ಖಾಯಂ. ಬರೆಯುವ ಕೆಲಸ ನನ್ನದು.

ಆಳುಗಳು ಹೆದರಿದರು. ಹೆಬ್ಬೆಟ್ಟು ಒತ್ತಿದವರನ್ನು ರೈಲು ಹತ್ತಿಸಿ ಯುದ್ಧಕ್ಕೆ ಕಳಿಸುತ್ತಾರಂತೆ ಎಂಬ ಸುದ್ದಿ ಗೆಜ್ಜಲಗೆರೆಯಲ್ಲಿ ಹುಟ್ಟಿ ಮಳವಳ್ಳಿಯವರೆಗೂ ಹೋಯಿತು. ಇಬ್ಬರು ನನ್ನ ಮಸಿಯ ಡಬ್ಬಿ ನೋಡಿಯೇ ಓಡಿಹೋದರು. ಮೇಸ್ತ್ರಿಗಳು ಅವರನ್ನು ಸಮಾಧಾನ ಮಾಡಿ ಕರೆತಂದರು. ಆದರೆ ತಮ್ಮ ಹೆಬ್ಬೆಟ್ಟನ್ನು ಮಾತ್ರ ಕೊಡಲೊಲ್ಲರು! ಒಂದು ದಿನ ಬೆರಳಿಗೆ ಪೆಟ್ಟಾಗಿದೆ ಎನ್ನುವರು, ಇನ್ನೊಂದು ದಿನ ಸೋಮವಾರ ಬೇಡ ಎನ್ನುವರು. ಅವರ ಕಾರ್ಡಿನ ಮೇಲೆ 'ಸಿದ್ದೇಗೌಡ, ಮಳವಳ್ಳಿ ಕಡೆ' ಎಂದು ಬರೆದಿಟ್ಟು ನಾನು ಎರಡು ತಿಂಗಳು ಕಾದೆ.

ಆ ಎರಡು ತಿಂಗಳು ಅವರ ಬೆನ್ನು ಬಿಡಲಿಲ್ಲ. ಶಿಂಷಾ ದಂಡೆಯಲ್ಲಿ ಮುದ್ದೆ ಉಣ್ಣುವಾಗ ಮರದ ಮರೆಯಲ್ಲಿ ನಿಂತು ನೋಡಿದ್ದೇನೆ, ಹೇಳಲು ನಾಚಿಕೆಯಾಗುತ್ತದೆ. ಬುತ್ತಿಯ ಗಂಟಿನಲ್ಲಿ ಹುಚ್ಚೆಳ್ಳಿನ ಚಟ್ನಿ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ದಿನ ನನ್ನನ್ನು ಕಂಡೇಬಿಟ್ಟರು. ಬೈಯಲಿಲ್ಲ. ಅರ್ಧ ಮುದ್ದೆ ಮುರಿದು ಎಲೆಯ ಮೇಲಿಟ್ಟು, ಬನ್ನಿ ಕೂತ್ಕಳಿ ಎಂದರು. ತಿಂದೆ. ತಿಂದ ಮೇಲೂ ನನ್ನ ಅನುಮಾನ ಹೋಗಲಿಲ್ಲ, ಇದೇಕೆ ಇಷ್ಟು ಉಪಚಾರ ಎಂದು ಇನ್ನಷ್ಟು ಬೆಳೆಯಿತು.

ತಿಂಗಳ ತಪಾಸಣೆಯಲ್ಲಿ ಕೊನೆಗೂ ಸಿಕ್ಕಿತು. ಮ್ಯಾನೇಜರು ಕೊಟ್ಟ ಭೂತಗನ್ನಡಿಯಲ್ಲಿ ನೋಡಿದರೆ ಕರಿಯಪ್ಪನ ಮಗ ಪುಟ್ಟಸ್ವಾಮಿಯ ಕಾರ್ಡಿನಲ್ಲಿದ್ದ ಹೆಬ್ಬೆಟ್ಟು ಒಂದು, ತಪಾಸಣೆಗೆಂದು ಆ ದಿನ ಮತ್ತೆ ಒತ್ತಿಸಿದ್ದು ಇನ್ನೊಂದು. ಹುಡುಕುತ್ತ ಹೋದಂತೆ ಅಂಥವು ಏಳು ಕಾರ್ಡು ಸಿಕ್ಕವು. ಇಲ್ಲದ ಆಳುಗಳನ್ನು ಹುಟ್ಟಿಸಿಕೊಂಡು ಮೇಸ್ತ್ರಿ ಅವರ ಕೂಲಿ ತಿನ್ನುತ್ತಿದ್ದಾನೆ ಎಂದು ವರದಿ ಬರೆದೆ. 'ಮೇಸ್ತ್ರಿಗಳು' ಆಗಿದ್ದವರು ಆ ಕಾಗದದಲ್ಲಿ 'ಮೇಸ್ತ್ರಿ' ಆಗಿದ್ದರು.

ಮರುದಿನ ಭತ್ತ ಒಣಗಿಸುವ ಕಣದಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಮ್ಯಾನೇಜರು ಪುಟ್ಟಸ್ವಾಮಿ ಎಲ್ಲಿ ಎಂದು ಕೇಳಿದರು. ಸಿದ್ದೇಗೌಡರು ಮುಚ್ಚಿಡಲೇ ಇಲ್ಲ. ಪುಟ್ಟಸ್ವಾಮಿ ಕಬ್ಬಿಗೆ ನೀರು ಕಟ್ಟೋಕೆ ಹೋಗಿದ್ದಾನೆ, ಇವತ್ತು ಅವರ ಸರದಿ, ಅವನ ಬದಲು ತಮ್ಮ ಬಂದಿದ್ದಾನೆ ಎಂದರು.

"ಜಾಗ ಮನೇದು ಬುದ್ದಿ, ಒಬ್ಬುಂದಲ್ಲ. ಅಣ್ಣ ಬರ್ದೇ ಇದ್ರೆ ತಮ್ಮ ಬತ್ತಾನೆ. ಒಂದ್ ದಿನಾನಾದ್ರೂ ಮೂಟೆ ಎತ್ತಾಕೆ ಆಳ್ ಕಮ್ಮಿ ಬಿದ್ದದಾ?"

ಆಗ ನನಗೆ ಹೊಳೆಯಿತು. ಅವರು ಕಾಲು ನೋಡುತ್ತಿದ್ದದ್ದು ಮನೆ ಗುರುತಿಸಲು. ಅಣ್ಣ ತಮ್ಮಂದಿರ ಕಾಲು ಒಂದೇ ಅಚ್ಚು. ಯಾರು ಬಂದರೂ ಆ ಮನೆ ಬಂದ ಹಾಗೆ. ಕಾರ್ಡು ಕೊಟ್ಟಾಗ ಅದೂ ಮನೆಗೇ ಕೊಟ್ಟದ್ದು ಎಂದುಕೊಂಡು, ಆ ದಿನ ಯಾರು ಬಂದಿದ್ದರೋ ಅವರು ಹೆಬ್ಬೆಟ್ಟು ಒತ್ತಿದ್ದರು, ಅಷ್ಟೇ.

ಮ್ಯಾನೇಜರಿಗೆ ಅದು ಬೇಕಿರಲಿಲ್ಲ. ಏಳು ಕಾರ್ಡೂ ರದ್ದು ಎಂದರು. ಅಂದರೆ ಏಳು ಮನೆಗೆ ಇನ್ನು ಮಿಲ್ಲಿಲ್ಲ.

ಸಿದ್ದೇಗೌಡರು ಕಂಬಳಿ ಕೆಳಗಿಟ್ಟು ಮುಂದೆ ಬಂದರು. ಹಂಗೆ ಹೇಳಿಕೊಟ್ಟವನು ನಾನು, ಅವರ ಕಾರ್ಡು ಬಿಟ್ಟುಬಿಡಿ, ನನ್ನನ್ನು ತೆಗೆಯಿರಿ ಎಂದರು. ಮ್ಯಾನೇಜರು ಒಂದು ಗಳಿಗೆ ಯೋಚಿಸಿ ಒಪ್ಪಿದರು. ನನ್ನ ಕಡೆ ತಿರುಗಿ, ಈತನ ಕಾರ್ಡು ತೆಗಿ, ಹೆಬ್ಬೆಟ್ಟು ಒತ್ತಿಸಿ ಮುಗಿಸು ಎಂದರು. ನಾನು ಮಸಿಯ ಡಬ್ಬಿ ಹಿಡಿದೆ. ಅವರು ಕೈ ಚಾಚಲಿಲ್ಲ.

"ಅದ್ರಲ್ ಇರಾದು ನಮ್ಮಣ್ಣನ್ ಎಸ್ರು ಗುಮಾಸ್ತ್ರೇ. ಪಲೇಗ್‌ನಲ್ ಓಗ್ಬುಟ್ಟ. ಮಾರ್ನೇ ದಿನ ನಾನ್ ಬಂದ್ ನಿಂತ್ಕಂಡೆ. ಅಳೇ ಸಾವ್ಕಾರ್ರು ಸಿದ್ದೇಗೌಡ ಬಂದ್ನಾ ಅಂದ್ರು, ಬಂದೆ ಅಂದೆ. ಸತ್ತೋನ್ ಎಸ್ರಿಗೆ ನನ್ ಎಬ್ಬೆಟ್ ಒತ್ತಾಕಿಲ್ಲ. ನಾನು ಬೆಟ್ಟೇಗೌಡ."

ಏಳು ಸುಳ್ಳು ಹೆಬ್ಬೆಟ್ಟು ಒತ್ತಿಸಿದನೆಂದು ನಾನು ಬರೆದಿದ್ದ ಮನುಷ್ಯ, ತನ್ನದೊಂದು ಸುಳ್ಳಾಗಬಾರದೆಂದು ಎರಡು ತಿಂಗಳು ನನ್ನಿಂದ ತಪ್ಪಿಸಿಕೊಂಡು ತಿರುಗಿದ್ದರು. ನಾನು ಮಸಿಯ ಡಬ್ಬಿಯ ಮುಚ್ಚಳ ಹಾಕಿದೆ. ಅವರು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು. "ಬತ್ತೀನಿ" ಎಂದು ನನಗೇ ಹೇಳಿ ಮಳವಳ್ಳಿ ದಾರಿ ಹಿಡಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಮರುದಿನದಿಂದ ಗೇಟಿನ ಕೆಲಸ ನನಗೇ ಬಂತು. ಕಾರ್ಡಿನ ಪೆಟ್ಟಿಗೆ ಇಟ್ಟುಕೊಂಡು ನಿಂತೆ. ಆಳುಗಳೆಲ್ಲ ಒಳಗೆ ಹೋದ ಮೇಲೂ ಒಬ್ಬ ಉಳಿದಿದ್ದ. ಮೂವತ್ತರ ಆಳು, ಬುತ್ತಿಯ ಗಂಟು ಹಿಡಿದು ಮೇಸ್ತ್ರಿಗಳು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದ. ಯಾರಪ್ಪ ಎಂದೆ.

"ಸಿದ್ದೇಗೌಡ್ರ ಮಗ ಸ್ವಾಮಿ. ಜಾಗ ಖಾಲಿ ಬುಡಬ್ಯಾಡ, ಓಗು ಅಂದ್ರು ನಮ್ ಚಿಕ್ಕಪ್ಪ."

ತಲೆ ತಗ್ಗಿಸಿ ಅವನ ಕಾಲು ನೋಡಿದೆ. ಅಗಲವಾದ ಪಾದ, ಹೊರಗೆ ಚಾಚಿದ ಹೆಬ್ಬೆರಳು, ರಾತ್ರಿಯೆಲ್ಲ ನಡೆದ ಧೂಳು. ಅದೇ ಮನೆಯ ಕಾಲು. ಯಾವ ಭೂತಗನ್ನಡಿಯೂ ಬೇಕಿರಲಿಲ್ಲ. ಮನೆ ಬಂದಿತ್ತು.

ಆದರೂ ಕಾರ್ಡು ಎಲ್ಲಿ ಎಂದು ಕೇಳಿದೆ. ನಾನು ಕೇಳಿದ್ದು ಅವನಿಗೆ ಅರ್ಥವಾಗಲಿಲ್ಲ. ಬುತ್ತಿಯ ಗಂಟನ್ನು ಹೆಗಲಿಗೇರಿಸಿಕೊಂಡು, ಬಂದ ದಾರಿಯಲ್ಲೇ ಹೊರಟುಹೋದ.