ಮಾತಾಡಿಸಲು ಬಾರದ ಡಾಕ್ಟರು

ಧಾರವಾಡದ ಗ್ರಾಹಕರ ನ್ಯಾಯಾಲಯದ ಮೆಟ್ಟಿಲು ಹತ್ತಿದಷ್ಟು ಸಲ ನಾನು ಯಾವ ಗುಡಿಯ ಮೆಟ್ಟಿಲನ್ನೂ ಹತ್ತಿಲ್ಲ. ನಾನು ವಕೀಲಳಲ್ಲ. ಆಸ್ಪತ್ರೆಯಲ್ಲಿ ಅನ್ಯಾಯವಾಯಿತೆಂದು ಬರುವವರ ಪರವಾಗಿ ಅರ್ಜಿ ಬರೆದು, ಓಡಾಡಿ, ಜಗಳವಾಡುವ ಹೆಂಗಸು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಮ್ಮವ್ವ ನನ್ನನ್ನು ನೋಡಿಯೇ ಹೇಳುತ್ತಿದ್ದಳು. ನನ್ನನ್ನು ಕಂಡರೆ ಡಾಕ್ಟರುಗಳು ದಾರಿ ಬದಲಿಸುತ್ತಿದ್ದರು. ಅದರಲ್ಲಿ ನನಗೆ ಖುಷಿಯೂ ಇತ್ತು, ಸುಳ್ಳೇಕೆ ಹೇಳಲಿ.

ಒಮ್ಮೆ ಹಳೇ ಹುಬ್ಬಳ್ಳಿಯಿಂದ ಒಬ್ಬಾಕೆ ಬಂದಳು. ರೊಟ್ಟಿ ಬಡಿದು ಮಾರುವವಳು. ಗಂಡನಿಗೆ ಹರ್ನಿಯಾ ಆಪರೇಶನ್ ಆಗಿತ್ತು. ಮರುದಿನ ಬೆಳಗಿನಿಂದ ಹೊಟ್ಟೆನೋವೆಂದು ಅವನು ನರಳಿದರೂ ಡಾಕ್ಟರು ನೋಡಲು ಬಂದದ್ದು ಸಂಜೆಗೆ. ಅಷ್ಟರಲ್ಲಿ ಕೈಮೀರಿತ್ತು, ಅವನು ಉಳಿಯಲಿಲ್ಲ. ಎಲ್ಲ ಕೇಳಿಕೊಂಡು, "ಈಗ ನಿನಗೇನ ಆಗಬೇಕಂತಿ?" ಎಂದೆ.

"ಆ ಡಾಕ್ಟರ್ ಒಮ್ಮೆ ನಮ್ಮ ಮನಿಗೆ ಮಾತಾಡಸಾಕ ಬರಬೇಕ್ರಿ ಅಕ್ಕಾರ. ಅಷ್ಟ."

ಸತ್ತವರ ಮನೆಗೆ ಮಾತಾಡಿಸಲು ಹೋಗುವುದೆಂದರೆ ನಾವು ಮಾತಾಡುವುದು ಕಡಿಮೆ. ಹೋಗಿ ಕೂಡಬೇಕು, ಹೆಂಗಾಯಿತೆಂದು ಕೇಳಬೇಕು, ಅವರು ಮೊದಲಿನಿಂದ ಹೇಳುವುದನ್ನೆಲ್ಲ ಕೇಳಿಸಿಕೊಳ್ಳಬೇಕು. ಏಳುವಾಗ 'ಬರ್ತೇನಿ' ಅನ್ನದೆ ಎದ್ದು ಬರಬೇಕು. ನಮ್ಮಲ್ಲಿ ವೈರಿಯೂ ಇದನ್ನು ತಪ್ಪಿಸುವುದಿಲ್ಲ.

"ಅವರ್ಯಾಕ ಬರ್ತಾರ ತಂಗಿ? ಕೋರ್ಟಿಗೆ ಎಳೀತೇನಿ, ತಾವ ಬರ್ತಾರ," ಎಂದೆ. ಆಕೆ ನಂಬಿದಳು. ವರ್ಷಗಟ್ಟಲೆ ಪ್ರತಿ ತಾರೀಖಿಗೂ ಸೆರಗು ಸರಿಮಾಡಿಕೊಂಡು ಬಾಗಿಲನ್ನೇ ನೋಡುತ್ತ ಕೂಡುತ್ತಿದ್ದಳು. ಬರುತ್ತಿದ್ದುದು ಡಾಕ್ಟರ ವಕೀಲರು.

ಕೊನೆಗೆ ಗೆದ್ದೆವು. ಪರಿಹಾರ ಸಿಕ್ಕಿತು, ಪೇಪರಿನಲ್ಲಿ ಸುದ್ದಿಯಾಯಿತು. ನಾನು ಪೇಢೆ ಹಂಚಿದೆ. ಆಕೆ ಪೇಢೆಯನ್ನು ಅಂಗೈಯಲ್ಲೇ ಇಟ್ಟುಕೊಂಡು ಕೇಳಿದಳು: "ಇನ್ನರ ಬರ್ತಾರೇನ್ರಿ?"

ನಾನು ಏನೋ ಹೇಳಿ ಮಾತು ತೇಲಿಸಿದೆ. ಮುಂದಿನ ಕೇಸು ಕಾಯುತ್ತಿತ್ತು.

ಹೋದ ವರ್ಷ ಆ ಡಾಕ್ಟರ ಹೆಂಡತಿ ತೀರಿಕೊಂಡರು. ಸುದ್ದಿ ಕೇಳಿ ಈಕೆ ನನ್ನ ಮನೆಗೆ ಬಂದಳು. "ಮಾತಾಡಿಸಿ ಬರೂಣ್ರಿ ಅಕ್ಕಾರ. ಒಬ್ಬಾಕಿಗೆ ಧೈರ್ಯ ಸಾಲವಲ್ದು."

ನನಗೆ ಸಿಟ್ಟು ಬಂತು. "ಅಂವ ನಿನ್ನ ಮನಿಗೆ ಬಂದಿದ್ದನೇನ?"

"ಬಂದಿಲ್ರಿ. ಬರದಿದ್ರ ಹೆಂಗ ಅನಸ್ತೈತಂತ ನನಗ ಗೊತ್ತೈತ್ರಿ."

ಬೈರಿದೇವರಕೊಪ್ಪದಲ್ಲಿ ಅವರ ಮನೆ. ಡಾಕ್ಟರು ಬಾಗಿಲಲ್ಲೇ ನಮ್ಮ ಗುರುತು ಹಿಡಿದರು. ಬದಿಗೆ ಸರಿದು ಒಳಗೆ ಬನ್ನಿ ಎಂದರು. ಆಕೆ ಕೂತು, "ಹೆಂಗಾತ್ರಿ?" ಎಂದಳು. ಡಾಕ್ಟರು ಎಲ್ಲರ ಹಾಗೆಯೇ ಮೊದಲಿನಿಂದ ಹೇಳಿದರು. ಮೊದಲ ಕೆಮ್ಮು, ಬಿಟ್ಟ ಊಟ, ಕಡೆಗೆ ಕೇಳಿದ ನೀರು. ಆಕೆ ಎಲ್ಲದಕ್ಕೂ ಹೂಂಗುಟ್ಟಿದಳು. ಹೇಳಿ ಮುಗಿದ ಮೇಲೆ ಅವರು ತಲೆ ತಗ್ಗಿಸಿದರು.

"ಆವಾಗ ನಿಮ್ಮ ಮನಿಗೆ ಬರಬೇಕಂತ ಚಪ್ಪಲಿ ಮೆಟ್ಟಿದ್ದೆ ಯವ್ವಾ. ವಕೀಲ್ರು ಬ್ಯಾಡಂದ್ರು. ಹೋದ್ರ ತಪ್ಪು ಒಪ್ಪಿಕೊಂಡಂಗ, ಇವರು ಅದನ್ನ ಸಾಕ್ಷಿ ಮಾಡ್ತಾರ ಅಂದ್ರು." ಇವರು ಎಂದದ್ದು ನನ್ನನ್ನು ನೋಡಿ.

ವಕೀಲರು ಹೇಳಿದ್ದು ಸುಳ್ಳಲ್ಲ. ಡಾಕ್ಟರು ಬಂದಿದ್ದರೆ ಕೂತ ಚಾಪೆಯನ್ನೂ ಬಿಡದೆ ಅರ್ಜಿಯಲ್ಲಿ ಬರೆಯುತ್ತಿದ್ದೆ. ಕೇಸು ಬೇಗ ಗೆಲ್ಲುತ್ತಿದ್ದೆವು ಕೂಡ. ಆಕೆ ಕೇಳಿದ್ದು ಒಂದೇ ಒಂದು, ಅದು ಬರುವ ದಾರಿಗೆ ಅಡ್ಡವಾಗಿ ನಾನೇ ನಿಂತಿದ್ದೆ.

ಆಕೆ 'ಬರ್ತೇನಿ' ಅನ್ನದೆ ಎದ್ದಳು. ನಾನೂ ಎದ್ದೆ. ಬಸ್‌ ನಿಲ್ದಾಣಕ್ಕೆ ಬಂದ ಮೇಲೆ ಆಕೆ ನನ್ನ ಕೈ ಹಿಡಿದಳು. ಮುಖ ಅರಳಿತ್ತು.

"ಚಪ್ಪಲಿ ಮೆಟ್ಟಿದ್ರಂತ, ಕೇಳಿದ್ರೇನ್ರಿ ಅಕ್ಕಾರ?"

ಕೇಳಿದೆ ಎಂದೆ.